ಮೆಟ್ಟಿಲಿನ ಅಗಲದ ಪಾಠ

ಇಂಜಿನಿಯರ್: ಕಟ್ಟಡ ನಿಯಮಗಳು ಮತ್ತು ಅಗ್ನಿಸುರಕ್ಷೆಯ ತರಬೇತಿಯನ್ನು ಸರ್ಕಾರ ಯಾರ್ಯಾರಿಗೆ ಕೊಡುತ್ತದೆ ಸರ್? ಹೊರಗಿನವರ ಕಣ್ಣಿಗೆ ಅದು ಬೆಂಕಿ ಆರಿಸುವವರ ಕವಾಯತು ಮಾತ್ರ.

ಬೋಧಕರು: ಕವಾಯತು ಅದರ ಒಂದು ಭಾಗ. ಕರ್ನಾಟಕದಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಗೆ ಸೇರುವವರು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ ತರಬೇತಿ ಪಡೆಯುತ್ತಾರೆ. ಏಣಿ ಹತ್ತುವುದು, ಹೋಸ್ ಬಿಚ್ಚುವುದು, ಪಂಪು ನಡೆಸುವುದು, ಹಗ್ಗದ ಗಂಟು, ಹೊಗೆಯೊಳಗೆ ಉಸಿರಾಟದ ಸಾಧನ ಹಾಕಿಕೊಂಡು ತಡಕಾಡಿ ಮುನ್ನಡೆಯುವುದು, ಎಲ್ಲವೂ ಅಲ್ಲಿ ಮೈಗೂಡಬೇಕು. ಅಧಿಕಾರಿಗಳ ಹಂತದ ಕೋರ್ಸುಗಳಿಗೆ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇದೆ. 1956ರಲ್ಲಿ ಉತ್ತರ ಪ್ರದೇಶದ ರಾಮಪುರದಲ್ಲಿ ಆರಂಭವಾಗಿ ಮರುವರ್ಷವೇ ನಾಗಪುರಕ್ಕೆ ಬಂದ ಸಂಸ್ಥೆ ಅದು. ಕೇಂದ್ರ ಗೃಹ ಸಚಿವಾಲಯಕ್ಕೆ ಸೇರಿದ್ದು. ಸಬ್ ಆಫೀಸರ್ ಕೋರ್ಸಿನಿಂದ ಹಿಡಿದು ಫೈರ್ ಇಂಜಿನಿಯರಿಂಗ್ ಪದವಿಯವರೆಗೆ ಅಲ್ಲಿ ಕಲಿಕೆ ನಡೆಯುತ್ತದೆ. ಎರಡನೆಯ ಗುಂಪು ನಿಮ್ಮಂಥವರದು. ನಗರಸಭೆ, ಮಹಾನಗರ ಪಾಲಿಕೆಗಳಲ್ಲಿ ನಕ್ಷೆ ನೋಡಿ ಸಹಿ ಹಾಕುವ ಇಂಜಿನಿಯರುಗಳು, ನಗರ ಯೋಜಕರು. ಅವರಿಗೆ ಮೈಸೂರಿನ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಮತ್ತು ಆಡಳಿತ ತರಬೇತಿ ಸಂಸ್ಥೆಗಳಿವೆ. ಮಾನಕಗಳನ್ನು ಬರೆಯುವ ಭಾರತೀಯ ಮಾನಕ ಬ್ಯೂರೋ ಕೂಡ ನೋಯ್ಡಾದಲ್ಲಿ ತನ್ನದೇ ತರಬೇತಿ ಸಂಸ್ಥೆಯನ್ನು ನಡೆಸುತ್ತದೆ. ಮೂರನೆಯ ಗುಂಪು ಕಟ್ಟಡದೊಳಗೇ ಇರುವವರದು: ಆಸ್ಪತ್ರೆಯ ದಾದಿಯರು, ಶಾಲೆಯ ಶಿಕ್ಷಕರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಸಿಬ್ಬಂದಿ, ಎಲೆಕ್ಟ್ರಿಷಿಯನ್.

ಇಂಜಿನಿಯರ್: ಈ ಮೂರು ಗುಂಪುಗಳಿಗೂ ಪಾಠ ಒಂದೇ ಇರುತ್ತದೆಯೇ?

ಬೋಧಕರು: ಪುಸ್ತಕ ಒಂದೇ, ಪುಟ ಬೇರೆ. ತೊಂದರೆ ಇರುವುದೂ ಅಲ್ಲಿಯೇ. ಆರಿಸುವವರು ಆರಿಸುವುದನ್ನು ಕಲಿಯುತ್ತಾರೆ, ಮಂಜೂರು ಮಾಡುವವರು ಮಂಜೂರಾತಿ ಕಲಿಯುತ್ತಾರೆ, ಒಳಗಿರುವವರು ಸಿಲಿಂಡರಿನ ಪಿನ್ ಎಳೆಯುವುದನ್ನು ಕಲಿಯುತ್ತಾರೆ. ಒಂದೇ ಬಾಗಿಲನ್ನು ಮೂವರೂ ನೋಡಬೇಕಾಗುತ್ತದೆ. ನಕ್ಷೆಯಲ್ಲಿ ಒಬ್ಬರು, ತಪಾಸಣೆಯಲ್ಲಿ ಒಬ್ಬರು, ದಿನನಿತ್ಯ ಒಬ್ಬರು. ಆ ಬಾಗಿಲು ಅಲ್ಲಿ ಏಕಿದೆ ಎಂಬುದನ್ನು ಮೂವರಿಗೂ ಒಟ್ಟಿಗೆ ಹೇಳಿಕೊಡುವ ತರಗತಿ ಬೇಕು.

ಇಂಜಿನಿಯರ್: ಆ ಪುಸ್ತಕ ಅಂದರೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಅದು ಕಾನೂನೇ, ಸಲಹೆಯೇ ಎಂಬ ಬಗ್ಗೆ ಕಚೇರಿಗಳಲ್ಲಿ ಗೊಂದಲವಿದೆ.

ಬೋಧಕರು: ಸಂಹಿತೆ ಮೊದಲು ಬಂದದ್ದು 1970ರಲ್ಲಿ. 1983ರಲ್ಲಿ, 2005ರಲ್ಲಿ, 2016ರಲ್ಲಿ ಅದನ್ನು ಪರಿಷ್ಕರಿಸಿದರು. ಅದರ ನಾಲ್ಕನೆಯ ಭಾಗ ಬೆಂಕಿ ಮತ್ತು ಜೀವರಕ್ಷಣೆಗೆ ಸಂಬಂಧಿಸಿದ್ದು. ತಾನೇ ತಾನಾಗಿ ಅದು ಶಿಫಾರಸು. ರಾಜ್ಯದ ಕಾಯ್ದೆಯೋ ನಗರದ ಕಟ್ಟಡ ಬೈಲಾವೋ ಅದನ್ನು ಒಪ್ಪಿಕೊಂಡಾಗ ಪಾಲಿಸಲೇಬೇಕಾದ ನಿಯಮವಾಗುತ್ತದೆ. ಅಗ್ನಿಶಾಮಕ ಸೇವೆ ರಾಜ್ಯಗಳ ಹೊಣೆ. ಸಂವಿಧಾನದ 12ನೇ ಅನುಸೂಚಿ ಅದನ್ನು ನಗರ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲೂ ಸೇರಿಸಿದೆ. ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳ ಕಾಯ್ದೆ ಇದೆ. ಹಾಗಾಗಿ ತರಬೇತಿಯ ಮೊದಲ ಗಂಟೆ ಸಂಹಿತೆ, ಕಾಯ್ದೆ, ಬೈಲಾ, ಈ ಮೂರರ ಸಂಬಂಧ ಬಿಡಿಸಿ ಹೇಳುವುದಕ್ಕೇ ಹೋಗಬೇಕು. ಸಂಹಿತೆಯ ಪ್ರಕಾರ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ್ದು ಬಹುಮಹಡಿ ಕಟ್ಟಡ. ಆದರೆ ಇಲಾಖೆಯ ಅನುಮತಿ ಎಷ್ಟು ಎತ್ತರದಿಂದ ಬೇಕು ಎಂಬುದನ್ನು ಆಯಾ ರಾಜ್ಯ ಗೊತ್ತುಮಾಡುತ್ತದೆ. ಆ ಎತ್ತರಕ್ಕಿಂತ ಒಂದಡಿ ಕಡಿಮೆ ಇದೆ ಎಂದ ಮಾತ್ರಕ್ಕೆ ಮೆಟ್ಟಿಲು, ಬಾಗಿಲುಗಳ ನಿಯಮ ತಪ್ಪುವುದಿಲ್ಲ.

ಇಂಜಿನಿಯರ್: ನಂತರ ಎಲ್ಲಿಂದ ಶುರು?

ಬೋಧಕರು: ಕಟ್ಟಡ ಯಾವ ಉಪಯೋಗಕ್ಕೆ ಎಂಬಲ್ಲಿಂದ. ಸಂಹಿತೆ ಕಟ್ಟಡಗಳನ್ನು ಒಂಬತ್ತು ಗುಂಪು ಮಾಡಿದೆ: ವಾಸ, ಶಿಕ್ಷಣ, ಆಸ್ಪತ್ರೆಯಂಥ ಸಾಂಸ್ಥಿಕ ಕಟ್ಟಡಗಳು, ಜನ ಸೇರುವ ಸಭಾಂಗಣಗಳು, ಕಚೇರಿ, ಅಂಗಡಿ, ಕೈಗಾರಿಕೆ, ಗೋದಾಮು, ಅಪಾಯಕಾರಿ ವಸ್ತುಗಳ ತಾಣ. ಮುಂದಿನ ಲೆಕ್ಕವೆಲ್ಲ ಈ ಗುಂಪಿನ ಮೇಲೆ ನಿಲ್ಲುತ್ತದೆ. ಒಂದು ಮಹಡಿಯ ಒಟ್ಟು ವಿಸ್ತೀರ್ಣವನ್ನು ಗುಂಪಿಗೆ ಹೇಳಿದ ಸಂಖ್ಯೆಯಿಂದ ಭಾಗಿಸಿದರೆ ಅಲ್ಲಿ ಎಷ್ಟು ಜನ ಇರಬಹುದು ಎಂದು ಸಿಗುತ್ತದೆ. ವಾಸದ ಮನೆಗೆ ತಲಾ 12.5 ಚದರ ಮೀಟರ್, ಕಚೇರಿಗೆ 10, ಶಾಲೆಗೆ 4.

ಇಂಜಿನಿಯರ್: ಒಂದು ಮಹಡಿಯ ಲೆಕ್ಕ ಮಾಡಿ ತೋರಿಸಿ ಸರ್.

ಬೋಧಕರು: ಸಾವಿರ ಚದರ ಮೀಟರಿನ ಕಚೇರಿ ಮಹಡಿ ಎಂದುಕೊಳ್ಳಿ. ಹತ್ತರಿಂದ ಭಾಗಿಸಿದರೆ ನೂರು ಜನ. ಮೆಟ್ಟಿಲಿಗೆ ತಲಾ 10 ಮಿಲಿಮೀಟರ್ ಅಗಲ ಬೇಕು, ಅಂದರೆ ಒಂದು ಮೀಟರ್. ಬಾಗಿಲು, ಕಾರಿಡಾರುಗಳಂಥ ಸಮತಟ್ಟಾದ ದಾರಿಗೆ ತಲಾ 6.5 ಮಿಲಿಮೀಟರ್ ಸಾಕು, ಏಕೆಂದರೆ ಸಮತಟ್ಟಿನಲ್ಲಿ ನಡೆಯುವ ವೇಗ ಮೆಟ್ಟಿಲಿಳಿಯುವಾಗ ಇರುವುದಿಲ್ಲ. ಲೆಕ್ಕದಲ್ಲಿ ಒಂದು ಮೀಟರ್ ಬಂದರೂ ಕಚೇರಿಯ ಮೆಟ್ಟಿಲು 1.5 ಮೀಟರಿಗಿಂತ ಕಿರಿದಾಗುವಂತಿಲ್ಲ. ಜೊತೆಗೆ ಎರಡು ಮೆಟ್ಟಿಲು ಬೇಕು, ಒಂದರಿಂದ ಒಂದು ದೂರ ಇರಬೇಕು. ಈ ಎರಡೂ ಸೇರಿ ಮುನ್ನೂರು ಜನರನ್ನು ಇಳಿಸಬಲ್ಲವು. ನಕ್ಷೆ ಪಾಸು. ಎರಡು ವರ್ಷದ ನಂತರ ಬಾಡಿಗೆದಾರರು ಬದಲಾಗಿ ಅದೇ ಮಹಡಿಗೆ ಕೋಚಿಂಗ್ ಸೆಂಟರ್ ಬರುತ್ತದೆ ಎಂದಿಟ್ಟುಕೊಳ್ಳಿ. ಗುಂಪು ಬದಲಾಯಿತು. ನಾಲ್ಕರಿಂದ ಭಾಗಿಸಿದರೆ 250 ಜನ. ಬೆಂಚುಗಳನ್ನು ಒತ್ತೊತ್ತಾಗಿ ಹಾಕಿ ಐನೂರು ಮಕ್ಕಳನ್ನು ಕೂರಿಸಿದರೆ ಆ ಐನೂರನ್ನೇ ಲೆಕ್ಕಕ್ಕೆ ಹಿಡಿಯಬೇಕು. ಐದು ಮೀಟರ್ ಅಗಲದ ಮೆಟ್ಟಿಲು ಬೇಕು, ಇರುವುದು ಮೂರು. ಒಂದು ಮೆಟ್ಟಿಲಿಗೆ ಹೊಗೆ ನುಗ್ಗಿದರೆ ಉಳಿಯುವುದು ಒಂದೂವರೆ ಮೀಟರ್. ಒಂದು ಇಟ್ಟಿಗೆಯೂ ಕದಲಿಲ್ಲ, ಗೋಡೆಗೆ ಬಣ್ಣವೂ ಹೊಸದು. ಆದರೂ ಕಟ್ಟಡ ಸುರಕ್ಷಿತವಾಗಿ ಉಳಿದಿಲ್ಲ. ಸೂರತ್‌ನಲ್ಲಿ 2019ರ ಮೇ 24ರಂದು ವಾಣಿಜ್ಯ ಸಂಕೀರ್ಣವೊಂದರ ಮೇಲ್ಭಾಗದಲ್ಲಿ ನಡೆಯುತ್ತಿದ್ದ ತರಗತಿಯಲ್ಲಿ ಬೆಂಕಿಗೆ ಸಿಕ್ಕಿಕೊಂಡು 22 ವಿದ್ಯಾರ್ಥಿಗಳು ಸತ್ತರು. ಕಿಟಕಿಯಿಂದ ಜಿಗಿದ ಮಕ್ಕಳನ್ನು ದೇಶವೇ ಟೀವಿಯಲ್ಲಿ ನೋಡಿತು. ಬೆಂಗಳೂರಿನ ವಿಜಯನಗರದಂಥ ಬಡಾವಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗಿಗೆ ಎಷ್ಟು ಮಹಡಿಗಳು ಬಾಡಿಗೆಗೆ ಹೋಗುತ್ತವೆ ಎಂದು ನೆನೆದರೆ ಈ ಭಾಗಾಕಾರವನ್ನು ಕಲಿಸುವುದು ಎಷ್ಟು ಅಗತ್ಯ ಎಂದು ಗೊತ್ತಾಗುತ್ತದೆ.

ಇಂಜಿನಿಯರ್: ಅಗಲದ ಜೊತೆ ದೂರದ ಲೆಕ್ಕವೂ ಇದೆಯಲ್ಲ.

ಬೋಧಕರು: ಇದೆ. ಮನೆ, ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ನಿರ್ಗಮನದ ಬಾಗಿಲಿಗೆ 30 ಮೀಟರಿಗಿಂತ ದೂರ ನಡೆಯುವಂತಾಗಬಾರದು. ಅಳೆಯಬೇಕಾದದ್ದು ನಡೆಯುವ ದಾರಿಯನ್ನು. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೋಡೆ ದಾಟಿ ಗೆರೆ ಎಳೆಯುವುದು ಹೊಸಬರ ಸಾಮಾನ್ಯ ತಪ್ಪು. ಕ್ಯಾಬಿನ್ನುಗಳು, ಕಪಾಟುಗಳು, ಯಂತ್ರಗಳು ಬಂದ ಮೇಲೆ ದಾರಿ ಸುತ್ತುಬಳಸಾಗುತ್ತದೆ. ಹಾಗಾಗಿ ಟೇಪನ್ನು ನೆಲದ ಮೇಲೆ, ಕೋಣೆಯ ದೂರದ ಮೂಲೆಯಿಂದ, ಕುರ್ಚಿ ಮೇಜು ಸುತ್ತಿಕೊಂಡು ಹಿಡಿಯಬೇಕು. ತರಗತಿಯಲ್ಲಿ ಮೂರು ದಿನ ಹೇಳಿದರೂ ಹತ್ತದ ಮಾತು ಇದು. ಒಮ್ಮೆ ಟೇಪು ಹಿಡಿದು ಮಂಡಿಯೂರಿದವರು ಮರೆಯುವುದಿಲ್ಲ.

ಇಂಜಿನಿಯರ್: ಬಾಗಿಲುಗಳ ವಿಷಯ?

ಬೋಧಕರು: ನಿರ್ಗಮನದ ಬಾಗಿಲು ಕನಿಷ್ಠ ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರ ಇರಬೇಕು, ಸಭಾಂಗಣದಂಥ ಕಡೆ ಎರಡು ಮೀಟರ್ ಅಗಲ. ಅದು ಹೊರಕ್ಕೆ, ಜನ ಹೋಗುವ ದಿಕ್ಕಿಗೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲಿಗೆ ಹಿಂದಿನಿಂದ ಜನ ಒತ್ತಿಕೊಂಡರೆ ಮುಂದಿದ್ದವರಿಗೆ ಅದನ್ನು ಎಳೆಯಲು ಜಾಗವೇ ಸಿಗುವುದಿಲ್ಲ. ತೆರೆದ ಬಾಗಿಲು ಮೆಟ್ಟಿಲಿನ ದಾರಿಯನ್ನು 90 ಸೆಂಟಿಮೀಟರಿಗಿಂತ ಕಿರಿದು ಮಾಡಬಾರದು. ಕೀಲಿ ಇಲ್ಲದೆ ಒಳಗಿನಿಂದ ತೆರೆಯುವಂತಿರಬೇಕು. ದೆಹಲಿಯ ಉಪಹಾರ್ ಚಿತ್ರಮಂದಿರದ ಪ್ರಕರಣವನ್ನು ಈ ಪಾಠದ ಜೊತೆಗೇ ಓದಬೇಕು. 1997ರ ಜೂನ್ 13ರಂದು ನೆಲಮಟ್ಟದ ಪಾರ್ಕಿಂಗ್ ಜಾಗದಲ್ಲಿದ್ದ ಟ್ರಾನ್ಸ್‌ಫಾರ್ಮರಿನಿಂದ ಬೆಂಕಿ ಎದ್ದಿತು. ಸತ್ತ 59 ಮಂದಿ ಇದ್ದದ್ದು ಮೇಲೆ ಬಾಲ್ಕನಿಯಲ್ಲಿ. ಜ್ವಾಲೆ ಅವರನ್ನು ಮುಟ್ಟಲೇ ಇಲ್ಲ. ಹೊಗೆಯಿಂದ ಉಸಿರುಗಟ್ಟಿ ಸತ್ತರು. ಬಾಲ್ಕನಿಯ ಬಲಬದಿಯ ಓಡಾಟದ ದಾರಿಯನ್ನು ಮುಚ್ಚಿ ಆಸನ ಹಾಕಲಾಗಿತ್ತು, ಆ ಬದಿಯ ನಿರ್ಗಮನಕ್ಕೆ ಖಾಸಗಿ ಬಾಕ್ಸ್ ಅಡ್ಡ ಬಂದಿತ್ತು. ಹೆಚ್ಚುವರಿ ಆಸನಗಳಿಗೆ ಕಾಗದದ ಮೇಲೆ ಅನುಮತಿಯೂ ಸಿಕ್ಕಿತ್ತು. ಸಹಿ ಹಾಕುವ ಕೈಗಳಿಗೆ ಕಲಿಸಬೇಕಾದ ಪಾಠವಿದು.

ಇಂಜಿನಿಯರ್: ಬೆಂಕಿ ಕೆಳಗೆ, ಸಾವು ಮೇಲೆ. ಹೊಗೆಗೆ ಪ್ರತ್ಯೇಕ ಪಾಠ ಬೇಕೆನಿಸುತ್ತದೆ.

ಬೋಧಕರು: ತರಬೇತಿಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ್ದೇ ಅದಕ್ಕೆ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಜನ ಸತ್ತರು. ವಿದ್ಯುತ್ ಕೇಬಲ್ಲುಗಳು ಹಾದುಹೋಗುವ ಡಕ್ಟಿನ ಬೆಂಕಿ ಅದು. ಹೊಗೆ ಮೇಲಿನ ಮಹಡಿಗಳನ್ನು ತುಂಬಿಕೊಂಡಾಗ ಜನ ಗಾಜು ಒಡೆದು ಕೆಳಕ್ಕೆ ಹಾರಿದರು. ಎಲ್ಲ ಮಹಡಿಗಳನ್ನೂ ಸೀಳಿಕೊಂಡು ಹೋಗುವ ಡಕ್ಟ್ ಹೊಗೆಗೂಡಿನಂತೆಯೇ ಕೆಲಸ ಮಾಡುತ್ತದೆ. ಅದಕ್ಕಾಗಿ ಕೇಬಲ್ ಚಪ್ಪಡಿಯನ್ನು ದಾಟುವ ಪ್ರತಿ ತೂತನ್ನೂ ಬೆಂಕಿ ತಡೆಯುವ ಸಾಮಗ್ರಿಯಿಂದ ಪ್ರತಿ ಮಹಡಿಯಲ್ಲೂ ಮುಚ್ಚಬೇಕು. ಡಕ್ಟಿನ ಬಾಗಿಲು ತೆರೆದು ಟಾರ್ಚ್ ಬಿಟ್ಟು ನೋಡಿದರೆ ಸಾಕು, ಕೆಳಗಿನ ಮಹಡಿಯ ಬೆಳಕು ಕಂಡರೆ ಅದು ಮುಚ್ಚಿಲ್ಲ ಎಂದರ್ಥ. ಕಟ್ಟಿದಾಗ ಮುಚ್ಚಿದ್ದರೂ ಇಂಟರ್‌ನೆಟ್ ಕೇಬಲ್ ಎಳೆಯಲು ಬಂದವರು ಮತ್ತೆ ಕೊರೆದು ಹೋಗಿರುತ್ತಾರೆ. ಅದೇ ಡಕ್ಟಿನಲ್ಲಿ ಪೊರಕೆ, ಹಳೆಯ ರಟ್ಟಿನ ಪೆಟ್ಟಿಗೆ, ಫಿನಾಯಿಲ್ ಕ್ಯಾನುಗಳೂ ಸೇರಿರುತ್ತವೆ.

ಇಂಜಿನಿಯರ್: ಕೊಲ್ಕತ್ತದ ಆಸ್ಪತ್ರೆಯಲ್ಲೂ ಹೊಗೆಯೇ ಕೊಂದದ್ದು, ಅಲ್ಲವೇ?

ಬೋಧಕರು: ಹೌದು, ಎಎಂಆರ್‌ಐ ಆಸ್ಪತ್ರೆ, 2011ರ ಡಿಸೆಂಬರ್ 9ರ ನಸುಕು. ವಾಹನ ನಿಲ್ಲಿಸಬೇಕಾದ ನೆಲಮಾಳಿಗೆಯಲ್ಲಿ ಸಾಮಾನು ತುಂಬಿತ್ತು. ಅಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲೇರಿ ವಾರ್ಡುಗಳನ್ನು ಸೇರಿತು. ಸತ್ತವರಲ್ಲಿ ಹೆಚ್ಚಿನವರು ಹಾಸಿಗೆಯಿಂದ ಏಳಲಾರದ ರೋಗಿಗಳು. ಆಸ್ಪತ್ರೆಯವರಿಗೆ ಕಲಿಸುವ ಪಾಠ ಇಲ್ಲಿ ಬೇರೆಯಾಗುತ್ತದೆ. ಡ್ರಿಪ್ ಹಾಕಿದ ರೋಗಿಯನ್ನು ಮೆಟ್ಟಿಲಲ್ಲಿ ಇಳಿಸುವುದು ಕೊನೆಯ ದಾರಿ. ಮೊದಲು ಅದೇ ಮಹಡಿಯಲ್ಲಿ ಫೈರ್ ಡೋರ್ ದಾಟಿಸಿ ಪಕ್ಕದ ವಿಭಾಗಕ್ಕೆ ಮಂಚಸಮೇತ ತಳ್ಳಿಕೊಂಡು ಹೋಗಬೇಕು. ಬಾಗಿಲು ಮುಚ್ಚಿದರೆ ಮುಂದಿನ ಹೆಜ್ಜೆಗೆ ಸಮಯ ಸಿಗುತ್ತದೆ. ಹೀಗೆ ಸಾಗಿಸಬೇಕಾದರೆ ಮಹಡಿಯನ್ನು ಮೊದಲೇ ಹೊಗೆ ದಾಟದ ವಿಭಾಗಗಳಾಗಿ ಕಟ್ಟಿರಬೇಕು. ಇಂಜಿನಿಯರಿಗೂ ದಾದಿಗೂ ಒಂದೇ ತರಗತಿ ಬೇಕು ಎನ್ನುವುದು ಇದಕ್ಕೇ. ಆ ಬಾಗಿಲು ಮಂಚಕ್ಕೆ ಸಾಲುವಷ್ಟು ಅಗಲವಿದೆಯೇ ಎಂದು ಒಬ್ಬರು ನೋಡುತ್ತಾರೆ, ಅದನ್ನು ದಾಟಿ ಎತ್ತ ತಿರುಗಬೇಕು ಎಂದು ಇನ್ನೊಬ್ಬರು ತಿಳಿದಿರುತ್ತಾರೆ.

ಇಂಜಿನಿಯರ್: ತಪಾಸಣೆಗೆ ಹೋದಾಗ ಫೈರ್ ಡೋರುಗಳು ಬಹುಪಾಲು ತೆರೆದೇ ಇರುತ್ತವೆ.

ಬೋಧಕರು: ಎರಡು ಗಂಟೆ ಬೆಂಕಿ ತಡೆಯುವ ಬಾಗಿಲನ್ನು ದುಬಾರಿ ಬೆಲೆ ಕೊಟ್ಟು ಹಾಕಿಸಿ, ಅದು ಮುಚ್ಚದಂತೆ ಬುಡಕ್ಕೆ ಇಟ್ಟಿಗೆ ಇಡುತ್ತಾರೆ. ಕೆಲವೆಡೆ ಆ ಇಟ್ಟಿಗೆಯ ಜಾಗದಲ್ಲಿ ಬೆಂಕಿ ಆರಿಸುವ ಸಿಲಿಂಡರೇ ಇರುತ್ತದೆ. ಗಾಳಿ ಬರಲಿ, ಓಡಾಡಲು ಸಲೀಸಾಗಲಿ ಎಂಬುದು ಅಲ್ಲಿನವರ ಆಲೋಚನೆ, ಕೆಟ್ಟ ಉದ್ದೇಶವಿಲ್ಲ. ಅವರಿಗೆ ನೋಟಿಸ್ ಕೊಡುವ ಮುನ್ನ ಬಾಗಿಲಿನ ಕೆಲಸವನ್ನು ತೋರಿಸಿಕೊಡಬೇಕು. ತರಬೇತಿಗೆ ಬಳಸುವ ಹೊಗೆಯಂತ್ರವನ್ನು ಕಾರಿಡಾರಿನಲ್ಲಿಟ್ಟು, ಬಾಗಿಲು ತೆರೆದಾಗ ಮೆಟ್ಟಿಲು ಎಷ್ಟು ಬೇಗ ಕಾಣದಾಗುತ್ತದೆ, ಮುಚ್ಚಿದಾಗ ಹೇಗೆ ಉಳಿಯುತ್ತದೆ ಎಂದು ಒಮ್ಮೆ ನೋಡಿದ ಸೆಕ್ಯುರಿಟಿಯವರು ಮತ್ತೆ ಇಟ್ಟಿಗೆ ಇಡಲು ಬಿಡುವುದಿಲ್ಲ.

ಇಂಜಿನಿಯರ್: ಕಟ್ಟಡದ ಹೊರಗಿನ ನಿಯಮಗಳು?

ಬೋಧಕರು: ಬಹುಮಹಡಿ ಕಟ್ಟಡದ ಸುತ್ತ ಆರು ಮೀಟರ್ ದಾರಿ ಬಿಡಬೇಕು. ಅದು ಅಗ್ನಿಶಾಮಕ ವಾಹನದ ಭಾರ, ಸಂಹಿತೆ ಹೇಳುವಂತೆ 45 ಟನ್‌ವರೆಗೆ, ತಡೆಯುವಂತಿರಬೇಕು. ಆ ದಾರಿಯ ಕೆಳಗೇ ಸಂಪು ತೋಡಿ ತೆಳುವಾದ ಚಪ್ಪಡಿ ಮುಚ್ಚಿದರೆ ಏಣಿ ವಾಹನ ಅಲ್ಲಿ ನಿಲ್ಲಲಾರದು. ಬೆಂಗಳೂರಿನಲ್ಲಿ 90 ಮೀಟರ್ ಎತ್ತರಕ್ಕೆ ಏರಬಲ್ಲ ಏಣಿ ವಾಹನ ಇದ್ದರೂ ಅದರ ಕಾಲುಗಳನ್ನು ಚಾಚಲು ಸಮತಟ್ಟಾದ, ಗಟ್ಟಿಯಾದ ನೆಲ ಬೇಕು. ಸೆಟ್‌ಬ್ಯಾಕಿನಲ್ಲಿ ಜನರೇಟರ್, ಶೀಟಿನ ಶೆಡ್ಡು, ಹೂಕುಂಡದ ಕಟ್ಟೆ ಬಂದರೆ ಆ ಯಂತ್ರ ಗೇಟಿನಲ್ಲೇ ಉಳಿಯುತ್ತದೆ. 24 ಮೀಟರಿಗಿಂತ ಎತ್ತರದ ಕಟ್ಟಡಗಳಲ್ಲಿ ಆಸರೆ ತಾಣಗಳನ್ನು ಬಿಡಬೇಕು, ತಲಾ 0.3 ಚದರ ಮೀಟರ್ ಲೆಕ್ಕದಲ್ಲಿ. ಇಳಿಯಲಾಗದವರು ಅಲ್ಲಿ ನಿಂತರೆ ಹೊರಗಿನಿಂದ ಅವರನ್ನು ತಲುಪಬಹುದು. ಅದಕ್ಕೆ ಗಾಜು ಹಾಕಿ ಜಿಮ್ ಮಾಡಿಕೊಂಡ ಕಡೆ ತಪಾಸಣೆಯವರು ಸುಮ್ಮನಿರಬಾರದು.

ಇಂಜಿನಿಯರ್: ಹೈಡ್ರೆಂಟ್, ಸ್ಪ್ರಿಂಕ್ಲರ್, ಅಲಾರಂ ಇವುಗಳಿಗೆ ತರಬೇತಿಯಲ್ಲಿ ಎಷ್ಟು ಜಾಗ?

ಬೋಧಕರು: ಅವುಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಭಾರತೀಯ ಮಾನಕವಿದೆ, ಓದಿಕೊಳ್ಳಬಹುದು. ಕೈಯಾರೆ ಮಾಡಿ ನೋಡಬೇಕಾದ್ದು ಕೆಲವೇ: ಪಂಪ್ ರೂಮಿನ ಸ್ವಿಚ್ಚು ಆಟೋದಲ್ಲಿದೆಯೇ, ತಾರಸಿಯ ತುದಿಯ ಹೈಡ್ರೆಂಟ್ ತೆರೆದರೆ ನೀರು ಒತ್ತಡದಿಂದ ಬರುತ್ತದೆಯೇ, ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿದೆಯೇ, ಯಾವ ಜಾಗದಿಂದಲೂ ಸಿಲಿಂಡರ್ 15 ಮೀಟರಿನೊಳಗೆ ಸಿಗುತ್ತದೆಯೇ. ವಿದ್ಯುತ್ ಬೆಂಕಿಗೆ ನೀರು ಎರಚಬಾರದು, ಎಣ್ಣೆಯ ಬಾಣಲೆಗೂ ಎರಚಬಾರದು ಎಂಬುದನ್ನು ಎಲ್ಲರಿಗೂ ಮಾಡಿ ತೋರಿಸಬೇಕು.

ಇಂಜಿನಿಯರ್: ಶಾಲೆಗಳಿಗೆ ತರಬೇತಿ ಕಡ್ಡಾಯವೇ?

ಬೋಧಕರು: ತಮಿಳುನಾಡಿನ ಕುಂಭಕೋಣದಲ್ಲಿ 2004ರ ಜುಲೈ 16ರಂದು 94 ಮಕ್ಕಳು ಶಾಲೆಯ ಬೆಂಕಿಗೆ ಬಲಿಯಾದರು. ಅದರ ನಂತರ ಹೂಡಲಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪು ಕೊಟ್ಟಿತು. ಶಾಲಾ ಕಟ್ಟಡಗಳು ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಪಾಲಿಸಬೇಕು, ಶಿಕ್ಷಕರಿಗೂ ಸಿಬ್ಬಂದಿಗೂ ಉಪಕರಣ ಬಳಸುವ, ಮಕ್ಕಳನ್ನು ಹೊರಗೆ ಕರೆದೊಯ್ಯುವ ತರಬೇತಿ ಆಗಬೇಕು ಎಂದಿತು. ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಮಗುವಿನ ಹಕ್ಕಿನ ಭಾಗ ಎಂದು ಆ ತೀರ್ಪು ಗುರುತಿಸಿತು. ಇದು ಕೆಲವು ಶಾಲೆಗಳಿಗೆ ಸೀಮಿತವಾದ ಸೂಚನೆಯಲ್ಲ, ಹಳ್ಳಿಯ ಎರಡು ಕೋಣೆಯ ಶಾಲೆಗೂ ಅನ್ವಯಿಸುತ್ತದೆ. ಅಲ್ಲಿ ಲಿಫ್ಟ್, ಸ್ಪ್ರಿಂಕ್ಲರ್ ಇರುವುದಿಲ್ಲ. ಬಿಸಿಯೂಟದ ಅಡುಗೆಕೋಣೆ, ಗ್ಯಾಸ್ ಸಿಲಿಂಡರು, ಒಂದೇ ಬಾಗಿಲು ಇರುತ್ತವೆ. ಅಡುಗೆ ಸಿಬ್ಬಂದಿಯನ್ನು ಬಿಟ್ಟು ಶಿಕ್ಷಕರಿಗಷ್ಟೇ ತರಬೇತಿ ಕೊಟ್ಟರೆ ಕೆಲಸ ಅರ್ಧವೂ ಆಗುವುದಿಲ್ಲ.

ಇಂಜಿನಿಯರ್: ಪ್ರತಿ ವರ್ಷ ಏಪ್ರಿಲ್‌ನಲ್ಲಿ ಇಲಾಖೆಯವರು ಶಾಲೆ, ಮಾಲ್‌ಗಳಲ್ಲಿ ಪ್ರಾತ್ಯಕ್ಷಿಕೆ ಮಾಡುತ್ತಾರಲ್ಲ.

ಬೋಧಕರು: ಅದು ಅಗ್ನಿಶಾಮಕ ಸೇವಾ ಸಪ್ತಾಹ, ಏಪ್ರಿಲ್ 14ರಿಂದ 20ರವರೆಗೆ. 1944ರ ಏಪ್ರಿಲ್ 14ರಂದು ಬಾಂಬೆ ಬಂದರಿನಲ್ಲಿ ಸ್ಫೋಟಕಗಳನ್ನು ಹೊತ್ತಿದ್ದ ಫೋರ್ಟ್ ಸ್ಟಿಕೈನ್ ಹಡಗು ಸಿಡಿದಾಗ ಬೆಂಕಿ ಆರಿಸುತ್ತಿದ್ದ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿನ ದಿನ. ಪ್ರಾತ್ಯಕ್ಷಿಕೆ ಒಳ್ಳೆಯದೇ, ಜನ ಸೇರುತ್ತಾರೆ. ಆದರೆ ಆಟದ ಮೈದಾನದಲ್ಲಿ ಟ್ರೇಗೆ ಬೆಂಕಿ ಹಚ್ಚಿ ಆರಿಸುವುದನ್ನು ನೋಡಿದವರಿಗೆ ತಮ್ಮ ಕಟ್ಟಡದ ಎರಡನೇ ಮೆಟ್ಟಿಲು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಅದೇ ಕಟ್ಟಡದಲ್ಲಿ ನಡೆಯುವ ಅಣಕು ತೆರವಿನಿಂದ.

ಇಂಜಿನಿಯರ್: ಅದನ್ನು ಎಷ್ಟು ಬಾರಿ ಮಾಡಬೇಕು, ಯಾರು ನಡೆಸಬೇಕು?

ಬೋಧಕರು: ಬಹುಮಹಡಿ ಕಟ್ಟಡಗಳಿಗೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಎನ್ನುತ್ತದೆ ಸಂಹಿತೆ. ನಡೆಸುವ ಹೊಣೆ ಕಟ್ಟಡದವರದು. ಮಹಡಿಗೊಬ್ಬರು ವಾರ್ಡನ್, ಅವರಿಲ್ಲದಾಗ ಇನ್ನೊಬ್ಬರು. ಸರ್ಕಾರಿ ತರಬೇತಿ ಮೊದಲು ತಲುಪಬೇಕಾದ್ದು ಈ ವಾರ್ಡನ್‌ಗಳನ್ನು. ಬಾಡಿಗೆದಾರರು, ಸೆಕ್ಯುರಿಟಿ ಏಜೆನ್ಸಿ ಬದಲಾದಂತೆ ಅವರೂ ಬದಲಾಗುವುದರಿಂದ ಒಮ್ಮೆ ಕೊಟ್ಟ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ಮರೆಯುವಂತಿಲ್ಲ. ತೆರವು ಮಾಡುವ ದಿನ ಲಿಫ್ಟ್ ಬಳಸಬಾರದು. ಹಗಲಿನ ಜೊತೆ ರಾತ್ರಿ ಪಾಳಿಯಲ್ಲೂ ಒಮ್ಮೆ ಮಾಡಿಸಬೇಕು, ಏಕೆಂದರೆ ಆಸ್ಪತ್ರೆ, ಹಾಸ್ಟೆಲುಗಳಲ್ಲಿ ರಾತ್ರಿ ಸಿಬ್ಬಂದಿ ಕಡಿಮೆ. ಅಲಾರಂ ಬಾರಿಸಿದಾಗಿನಿಂದ ಕೊನೆಯವರು ಹೊರಬರುವವರೆಗಿನ ಸಮಯ, ಮುಚ್ಚಿದ್ದ ಬಾಗಿಲುಗಳು, ಮೆಟ್ಟಿಲಲ್ಲಿ ಅಡ್ಡ ಸಿಕ್ಕ ಚಪ್ಪಲಿ ಸ್ಟ್ಯಾಂಡು, ಸೈಕಲ್ಲು, ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದಿಡಬೇಕು.

ಇಂಜಿನಿಯರ್: ಆ ರಿಜಿಸ್ಟರ್ ನೋಡುವವರು ಯಾರು?

ಬೋಧಕರು: ಮುಂದಿನ ತಪಾಸಣೆಗೆ ಬರುವ ಅಗ್ನಿಶಾಮಕ ಅಧಿಕಾರಿ ನೋಡಬೇಕು. ಉಪಯೋಗ ಬದಲಾವಣೆಯ ಅರ್ಜಿ ಬಂದಾಗ ನೀವೂ ತರಿಸಿಕೊಂಡು ನೋಡಬೇಕು. ಕಚೇರಿ ಎಂದು ಮಂಜೂರಾದ ಮಹಡಿಯಿಂದ ತೆರವಿನ ದಿನ ನಾನೂರು ಜನ ಇಳಿದರು ಎಂದು ಅದರಲ್ಲಿ ಬರೆದಿದ್ದರೆ, ಅರ್ಜಿಯನ್ನು ಮುಂದಿನ ಟೇಬಲ್ಲಿಗೆ ಕಳಿಸುವ ಮೊದಲು ಟೇಪು ತೆಗೆದುಕೊಂಡು ಮೆಟ್ಟಿಲು ಅಳೆಯಲು ಹೋಗಬೇಕು.